ಹೊಟ್ಟಿನೊಳಗಿನ ಭರಣಿ

ಆ ಸೋಮವಾರವೂ ನಮ್ಮ ಹಳಿಯಾಳದ ಮನೆ ಉಳಿದ ಸೋಮವಾರಗಳಂತೆಯೇ ಎದ್ದಿತು. ಮೊದಲು ಹಿತ್ತಲ ಬಾಗಿಲಿನ ಅಗಳಿ ಸರಿದ ಸದ್ದು, ಆಮೇಲೆ ನೀರೊಲೆಗೆ ಪುಳ್ಳೆ ಮುರಿಯುವ ಸದ್ದು, ಆಮೇಲೆ ಆಯಿಯ ನಶ್ಯದ ಡಬ್ಬಿ ಟಪ್ಪೆಂದು ತೆರೆದ ಸದ್ದು. ಆಯಿ ಎಂದರೆ ಅಪ್ಪನ ತಾಯಿ. ಅವಳು ಸೀನಿದ ಮೇಲೆಯೇ ನಮ್ಮ ಮನೆಗೆ ಬೆಳಗಾಗುತ್ತಿತ್ತು. ಅವ್ವ ಅಂಗಳಕ್ಕೆ ಚಳೆ ಹೊಡೆದು, ರಂಗೋಲಿಯ ನಾಲ್ಕು ಎಳೆ ಎಳೆದು, ಸ್ನಾನ ಮುಗಿಸಿ ಬಂದು ನನ್ನ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದಳು. ಎಬ್ಬಿಸಲು ಅವಳು ಎಂದೂ ಹೆಸರು ಕೂಗಿದವಳಲ್ಲ. ಬಗ್ಗಿದಾಗ ಅವಳ ಒದ್ದೆ ಕೂದಲಿಂದ ಸೀಗೆಕಾಯಿಯ ವಾಸನೆ, ಅದರ ಹಿಂದೆ ಒಲೆಯ ಹೊಗೆಯ ವಾಸನೆ ಬಂತು. ಬಂತು ಎಂದು ಬರೆಯುವಾಗ ಕೈ ಒಂದು ಗಳಿಗೆ ತಡೆಯುತ್ತದೆ, ಏಕೆಂದರೆ ಅದು ಬಂದದ್ದು ನನಗೆ ಮಾತ್ರ. ಅವ್ವನಿಗೆ ತನ್ನ ಕೂದಲಿನ ವಾಸನೆಯಾಗಲಿ, ಒಲೆಯದಾಗಲಿ, ನನ್ನದಾಗಲಿ ಬರುವುದು ನಿಂತು ಆಗಲೇ ಎರಡು ಮಳೆಗಾಲ ಕಳೆದಿದ್ದವು. ಅದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಅಂದು ಎರಡು ಕೆಲಸಗಳು ಒಂದೇ ದಿನಕ್ಕೆ ಬಿದ್ದಿದ್ದವು. ಅಪ್ಪ ನನ್ನನ್ನು ದಾಂಡೇಲಿಯ ಕಾನ್ವೆಂಟಿಗೆ ಕರೆದುಕೊಂಡು ಹೋಗಿ ಸಿಸ್ಟರುಗಳಿಗೆ ತೋರಿಸಿ ಬರುವುದು ಒಂದು. ಅವರು ಒಪ್ಪಿದರೆ ಬರುವ ಜೂನಿನಿಂದ ನಾನು ಅಲ್ಲಿಯೇ ಬೋರ್ಡಿಂಗಿನಲ್ಲಿ ಇರಬೇಕು. ಇನ್ನೊಂದು, ಹೊಟ್ಟಿನಲ್ಲಿ ಹೂತಿಟ್ಟ ಕಾಡೆಯ ಭರಣಿಯನ್ನು ಅವ್ವ ಹೊರಗೆ ತೆಗೆಯುವುದು. ಅವಲಕ್ಕಿಗೆ ಒಗ್ಗರಣೆ ಹಾಕುತ್ತ ಅವ್ವ ಸಾಸಿವೆಯ ಕಡೆ ನೋಡದೆ ಅದರ ಸದ್ದನ್ನೇ ಆಲಿಸುತ್ತಿದ್ದಳು. ಮೂಗು ಹೋದ ಮೇಲೆ ಅವಳು ಅಡಿಗೆಯನ್ನು ಕಿವಿಯಿಂದ ಮಾಡಲು ಕಲಿತಿದ್ದಳು. ಸಾಸಿವೆ ಸಿಡಿದು ನಿಲ್ಲುವ ಸದ್ದು, ಈರುಳ್ಳಿ ನೀರು ಬಿಟ್ಟು ಸುಮ್ಮನಾಗುವ ಸದ್ದು, ರೊಟ್ಟಿ ಹಂಚಿಗೆ ಅಂಟುವ ಸದ್ದು.

ಕಾಡೆ ಎಂದರೆ ನಮ್ಮ ಮನೆಯ ಟಾನಿಕ್ಕು. ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ, ಉಂಡದ್ದು ಮೈಗೆ ಹತ್ತದ ಮಕ್ಕಳಿಗೆ. ಸಾಂಬ್ರಾಣಿಯಿಂದ, ಅತ್ತ ಮುಂಡಗೋಡದ ಕಡೆಯ ಚಿಗಳ್ಳಿಯಿಂದಲೂ ಹೆಂಗಸರು ಅದಕ್ಕಾಗಿ ಬರುತ್ತಿದ್ದರು. ಬರುವಾಗ ಹೊಸ ಅಕ್ಕಿಯನ್ನೋ ಒಂದು ಕುಬಸದ ಕಣವನ್ನೋ ತರುತ್ತಿದ್ದರು. ಬೇರುಗಳು ಜೋಯಿಡಾದ ಕಾಡಿನಿಂದ ಬರುತ್ತಿದ್ದವು. ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದ ಕೊಂಕಣಿ ಮಾತಿನ ಮುದುಕಿ ಶತಾವರಿ, ಅಮೃತಬಳ್ಳಿಯ ತುಂಡುಗಳನ್ನು ಕಟ್ಟೆಯ ಮೇಲೆ ಹರಡುವಳು. ಅವ್ವ ಒಂದೊಂದಕ್ಕೂ ಹೆಬ್ಬೆರಳಿನ ಉಗುರು ಒತ್ತಿ ನೋಡುವಳು. ಉಗುರು ಇಳಿದು ತೇವ ಬಂದರೆ ಅದು ಒಳಗೆ, ಕಟ್ಟಿಗೆಯಂತೆ ತಡೆದರೆ ಅದು ಬುಟ್ಟಿಗೆ. ಆಮೇಲೆ ಕುಟ್ಟುವುದು, ಹುಣಸೆ ಕಟ್ಟಿಗೆಯ ಸಣ್ಣ ಉರಿಯಲ್ಲಿ ದಿನವಿಡೀ ಕುದಿಸುವುದು, ಹಳೆಯ ಪಂಚೆಯಲ್ಲಿ ಸೋಸಿ, ಬೆಲ್ಲ, ಶುಂಠಿ, ಹಿಪ್ಪಲಿ ಹಾಕಿ ಎಳೆ ಪಾಕಕ್ಕೆ ತರುವುದು. ಆರಿದ ಮೇಲೆ ಜೇನು. ನಂತರ ಅದನ್ನು ಪಿಂಗಾಣಿ ಭರಣಿಗೆ ಸುರಿದು, ಬಾಯಿಗೆ ಅರಿವೆ ಕಟ್ಟಿ, ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಭತ್ತದ ಹೊಟ್ಟಿನ ರಾಶಿಯೊಳಗೆ ಕುತ್ತಿಗೆ ಮಟ ಹೂಳುತ್ತಿದ್ದರು. ಸೋಮವಾರ ಹೂಳಿದ್ದನ್ನು ಮುಂದಿನ ಸೋಮವಾರವೇ ತೆಗೆಯಬೇಕು. ಆ ಒಂದು ವಾರ ಅದು ಒಳಗೊಳಗೇ ಹದಕ್ಕೆ ಬರುತ್ತದೆ, ಇಲ್ಲವೇ ಕೆಡುತ್ತದೆ. ಯಾವುದಾಯಿತೆಂದು ಭರಣಿಯ ಬಾಯಿ ಬಿಚ್ಚಿದಾಗ ಬರುವ ಮೊದಲ ವಾಸನೆ ಹೇಳಬೇಕು. ಹುಳಿ ಬಂದಿದ್ದರೆ ಬೆಲ್ಲದ ವಾಸನೆಯ ಹಿಂದೆ ಅದು ಅಡಗಿರುತ್ತದೆ ಎಂದು ಆಯಿ ಹೇಳುತ್ತಿದ್ದಳು.

ನಾಲಿಗೆಗೆ ಹಚ್ಚಿ ನೋಡಿದರಾಯಿತಲ್ಲ ಎಂದು ನನ್ನ ಸೊಸೆ ಈಗ ಕೇಳುತ್ತಾಳೆ. ನಮ್ಮ ಮನೆಯಲ್ಲಿ ಅದು ಆಗುತ್ತಿರಲಿಲ್ಲ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಜನ. ಲಿಂಗಕ್ಕೆ ಅರ್ಪಿಸದೆ ಇದ್ದದ್ದು ಬಾಯಿಗೆ ಹೋಗಬಾರದು. ಮಾಡಿದವಳಂತೂ ಬೆರಳ ತುದಿಯನ್ನೂ ನೆಕ್ಕಬಾರದು. ಸರಿ, ಮೊದಲು ಅರ್ಪಿಸಿ ಆಮೇಲೆ ರುಚಿ ನೋಡೋಣವೆಂದರೆ ಅಲ್ಲಿ ಇನ್ನೊಂದು ಗಂಟು. ಒಂದು ಚಮಚ ಅರ್ಪಿಸಿದರೆ ಇಡೀ ಭರಣಿಯೇ ಪ್ರಸಾದ. ಪ್ರಸಾದವನ್ನು ಚೆಲ್ಲುವಂತಿಲ್ಲ, ಹುಳಿಯಾಗಿದ್ದರೂ ಯಾರಾದರೂ ಕುಡಿದೇ ತೀರಬೇಕು. ಹಸಿ ಬಾಣಂತಿಯ ಹೊಟ್ಟೆಗೆ ಹುಳಿ ಬಂದ ಕಾಡೆ ಹೋದರೆ ಏನಾಗುತ್ತದೆಂದು ಆಯಿ ಹೇಳುತ್ತಿದ್ದ ಕಥೆಗಳಲ್ಲಿ ಒಂದೂ ಚೆನ್ನಾಗಿ ಮುಗಿಯುತ್ತಿರಲಿಲ್ಲ. ಹೀಗಾಗಿ ಮುಂಚೆ ರುಚಿ ನೋಡುವಂತಿಲ್ಲ, ಆಮೇಲೆ ಚೆಲ್ಲುವಂತಿಲ್ಲ. ನಡುವೆ ಇದ್ದದ್ದು ಮೂಗು ಒಂದೇ.

ಆಯಿಯ ಮೂಗು ನಶ್ಯಕ್ಕೆ ಹೋಗಿತ್ತು. ಅದನ್ನು ಅವಳು ಮುಚ್ಚಿಟ್ಟುಕೊಂಡಿರಲಿಲ್ಲ, ಮಂದಿಯ ಎದುರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

"ನನ್ನ ಮೂಗಿನಾಗ ಈಗ ನಶ್ಯದ ಅಂಗಡಿ ಐತಿ, ಔಷಧದ ಅಂಗಡಿ ಮುಚ್ಚೈತಿ. ಅದಕ್ಕ ಕೀಲಿಕೈ ನೀಲವ್ವನ ಕೈಯಾಗ ಕೊಟ್ಟೇನಿ."

ನೀಲವ್ವ ಎಂದರೆ ನನ್ನ ಅವ್ವ. ಕೀಲಿಕೈ ಕೊಟ್ಟದ್ದು ಸಣ್ಣ ಮಾತಲ್ಲ. ಅಪ್ಪನ ತಂಗಿ, ಮುಂಡಗೋಡ ತಾಲೂಕಿನ ಇಂದೂರಿಗೆ ಕೊಟ್ಟಿದ್ದ ನಮ್ಮ ಅತ್ತೆ, ಕಾಡೆಯ ಕೈಕೆಲಸ ತನಗೆ ಬರಬೇಕೆಂದು ಆಸೆಪಟ್ಟಿದ್ದಳು. ಬಡವರ ಮನೆಯಿಂದ ಬಂದ, ಮಾತು ಕಡಿಮೆಯ, ನನ್ನೊಬ್ಬಳನ್ನೇ ಹೆತ್ತು ನಿಂತ ಸೊಸೆಗೆ ಆಯಿ ಅದನ್ನು ಒಪ್ಪಿಸಿದಾಗ ಇಂದೂರ ಅತ್ತೆ ಹಬ್ಬಕ್ಕೆ ಬಂದವಳು ಹೋಳಿಗೆ ಮುಟ್ಟದೆ ಹೋದಳಂತೆ. ಹೋಗುವಾಗ ಹೊಸ್ತಿಲಲ್ಲಿ ನಿಂತು ಆಡಿದ್ದು:

"ಕೊಡವ್ವಾ, ಕೊಡು. ಎಂದರ ಆಕಿ ಕೈಲೆ ಆಗವಲ್ದು ಅಂದಾಗ ಇಂದೂರ ದಾರಿ ನೆನಪ ಮಾಡ್ಕೋ."

ಅವ್ವನಿಗೆ ಆ ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ. ಪಡಸಾಲೆ ಅಪ್ಪನದು, ದೇವರ ಕೋಣೆ ಆಯಿಯದು, ಅಡಿಗೆಮನೆ ಬಂದುಹೋಗುವ ಎಲ್ಲರದು. ಹೊಟ್ಟಿನ ಕೋಣೆ ಮಾತ್ರ ಅವಳದು. ಅಲ್ಲಿಂದ ಹೊರಗೆ ಬಂದು, ಸೆರಗಿನಿಂದ ಹೊಟ್ಟು ಕೊಡವಿಕೊಳ್ಳುತ್ತ, "ಛಲೋ ಬಂದೈತಿ" ಎಂದು ಅವಳು ಅಂದಾಗ ಕಟ್ಟೆಯ ಮೇಲೆ ಕುಳಿತ ಹೆಂಗಸರೆಲ್ಲ ಒಮ್ಮೆಲೇ ಅವಳತ್ತ ಕತ್ತೆತ್ತುತ್ತಿದ್ದರು. ದಿನದ ಉಳಿದ ಹೊತ್ತಿನಲ್ಲಿ ಅವಳತ್ತ ಯಾರೂ ಹಾಗೆ ನೋಡುತ್ತಿರಲಿಲ್ಲ.

ಆಮೇಲೆ ಅವಳಿಗೆ ಆ ದೊಡ್ಡ ಜ್ವರ ಬಂತು. ವಾರಗಟ್ಟಲೆ ಗಂಜಿ ನೀರಿನ ಮೇಲೆ ಮಲಗಿದ್ದಳು. ಎದ್ದಾಗ ಕೂದಲು ಅರ್ಧ ಉದುರಿತ್ತು, ಅದು ಎಲ್ಲರಿಗೂ ಕಂಡಿತು. ಮೂಗು ಹೋದದ್ದು ಯಾರಿಗೂ ಕಾಣಲಿಲ್ಲ. ನನಗೂ ಮೊದಲು ತಿಳಿಯಲಿಲ್ಲ. ಮಲ್ಲಿಗೆ ದಂಡೆಯನ್ನು ಮೂಗಿಗೆ ಹಿಡಿದು ಅವಳು ಬಹಳ ಹೊತ್ತು ನಿಂತಿರುವುದನ್ನು ನೋಡಿದ್ದೆ. ಯಾರಾದರೂ ಬಂದರೆ ಚಟ್ಟನೆ ಮುಡಿದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲು ತಳ ಹಿಡಿದು ಮನೆಯೆಲ್ಲ ಕಮಟು ನಾರುತ್ತಿತ್ತು. ಅವ್ವ ಅದರ ಮುಂದೆಯೇ ಕುಳಿತು ನಿಶ್ಚಿಂತೆಯಿಂದ ಅಕ್ಕಿ ಆರಿಸುತ್ತಿದ್ದಳು.

"ಅವ್ವಾ, ಹಾಲು!"

ಅವಳು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ದೇವರ ಕೋಣೆಯತ್ತ ನೋಡಿದಳು. ಪಾತ್ರೆ ಇಳಿಸಿ ನನ್ನನ್ನು ಹೊಟ್ಟಿನ ಕೋಣೆಗೆ ಎಳೆದುಕೊಂಡು ಹೋದಳು.

"ಶೈಲಾ, ನನಗ ಏನೂ ಬರವಲ್ದು. ಹೂ ಇಲ್ಲ, ಹೊಗಿ ಇಲ್ಲ. ಆಯಿ ಮುಂದ ಅಂದೀ ಗಿಂದೀ ಮತ್ತ."

"ಕಾಡೆ ಹೆಂಗ ನೋಡ್ತೀ?"

"ಅದನ್ನ ವಿಚಾರ ಮಾಡಾಕತ್ತೇನಿ" ಎಂದಳು. ಆಮೇಲೆ ನನ್ನ ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, "ಇದು ಹೆಂಗೈತಿ? ನಂದರ ಹಂಗ ಐತೇನು?" ಎಂದು ನಕ್ಕಳು. ಅವಳು ಹೆದರಿದಾಗ ಹಾಗೆ ನಗುತ್ತಿದ್ದಳು.

ಹೀಗೆ ನಾನು ಅವ್ವನ ಮೂಗಾದೆ. ಸೋಮವಾರ ಶಾಲೆಗೆ ಹೋಗುವ ಮುಂಚೆ, ಆಯಿ ಪೂಜೆಗೆ ಕುಳಿತಿರುವ ಹೊತ್ತಿನಲ್ಲಿ, ನಾವಿಬ್ಬರೂ ಕತ್ತಲೆ ಕೋಣೆಗೆ ಹೋಗುತ್ತಿದ್ದೆವು. ಅವ್ವ ಹೊಟ್ಟು ಸರಿಸಿ ಅರಿವೆ ಬಿಚ್ಚುತ್ತಿದ್ದಳು. ನಾನು ಕಣ್ಣು ಮುಚ್ಚಿ ಬಗ್ಗುತ್ತಿದ್ದೆ. ಅವ್ವನಿಗೆ ಛಲೋ, ಕೆಟ್ಟ ಎಂಬ ಎರಡು ಮಾತು ಸಾಲುತ್ತಿರಲಿಲ್ಲ.

"ಛಲೋ ಅಂದ್ರ ಹೆಂಗ್ ಛಲೋ? ಯಾತರಂಗ?"

"ಬೆಲ್ಲದಂಗ."

"ಯಾವ ಬೆಲ್ಲಾ? ಅಂಗಡ್ಯಾಗಿಂದೋ, ಗಾಣದ ಮುಂದ ಬಿಸಿದು ಇರತೈತಲ್ಲ, ಅದೋ?"

"ಗಾಣದ್ದು. ಆದ್ರ... ಗಾಣದ ಮುಂದ ಯಾರೋ ಹಸಿ ಮಣ್ಣು ಅಗದಂಗ."

"ಹಾಂ, ಅದು ಬೇರು. ಬರಬೇಕದು. ಅದರ ಹಿಂದ ಏನರ ಐತೇನು ನೋಡು? ಸಂದ್ಯಾಗ ಹುಳಿ ನಿಂತಂಗ ಏನರ?"

ನಾನು ಮತ್ತೆ ಬಗ್ಗುತ್ತಿದ್ದೆ. ಬಿಸಿಲಿಗೆ ಹಾಕಿ ತೆಗೆದ ಕೌದಿಯಂತೆ, ಮೊದಲ ಮಳೆ ಬಿದ್ದ ಹಂಚಿನಂತೆ, ತೊಳೆಯದೆ ಇಟ್ಟ ಮಜ್ಜಿಗೆ ಗಡಿಗೆಯಂತೆ. ನಾನು ಹೇಳಿದ್ದನ್ನು ಅವ್ವ ಕಣ್ಣು ಅರೆಮುಚ್ಚಿ ಕೇಳಿ, ತನ್ನ ನೆನಪಿನೊಳಗೆ ಹೋಗಿ, ಅಲ್ಲಿದ್ದ ವಾಸನೆಯ ಪಕ್ಕದಲ್ಲಿಟ್ಟು ಹೊಂದಿಸಿ ನೋಡುತ್ತಿದ್ದಳು. ಮಾತು ಸ್ವಲ್ಪ ಸಡಿಲವಾದರೂ ಅವಳಿಗೆ ಗೊತ್ತಾಗುತ್ತಿತ್ತು. "ಅಂದಾಜಿಲೆ ಹೇಳಬ್ಯಾಡ, ಇನ್ನೊಮ್ಮಿ ನೋಡು" ಎನ್ನುತ್ತಿದ್ದಳು. ಶಾಲೆಗೆ ಹೋಗುವ ದಾರಿಯಲ್ಲಿಯೂ ನಾನು ಮೂಸುತ್ತ, ಮನಸ್ಸಿನಲ್ಲೇ ಅವಳಿಗೆ ಒಪ್ಪಿಸುವ ಮಾತು ಜೋಡಿಸುತ್ತ ನಡೆಯುತ್ತಿದ್ದೆ: ಚಮ್ಮಾರ ಅಜ್ಜನ ಅಂಗಡಿಯ ಹಸಿ ತೊಗಲು, ಗಿರಣಿಯಿಂದ ಬಿಸಿಬಿಸಿಯಾಗಿ ಬೀಳುವ ಜೋಳದ ಹಿಟ್ಟು, ಮಸೀದಿಯ ಗೋಡೆಯ ಪಕ್ಕ ಅತ್ತರು ಮಾರುವವನ ಪೆಟ್ಟಿಗೆ. ಸಂಜೆ ರೊಟ್ಟಿ ಬಡಿಯುತ್ತ ಅವ್ವ ಕೇಳುವಳು: "ಇವತ್ತು ಊರು ಹೆಂಗಿತ್ತು?" ನಾನು ಹೇಳುವೆ. ಇವತ್ತಿಗೂ ಯಾರ ಮನೆಗೆ ಹೋದರೂ ಅವರ ಪಾತ್ರೆ, ಪರದೆ, ಹೊಸ್ತಿಲು, ಎಲ್ಲವನ್ನೂ ಗಮನಿಸುತ್ತೀಯಲ್ಲ ಎಂದು ನಮ್ಮವರು ಛೇಡಿಸುತ್ತಾರೆ. ಅದು ಓದಿನಿಂದ ಬಂದದ್ದಲ್ಲ. ಒಬ್ಬಳು ಕಾಯುತ್ತಿದ್ದಳು, ಅವಳಿಗೆ ಹೇಳಬೇಕಿತ್ತು, ಅದರಿಂದ ಬಂದದ್ದು.

ಕಾನ್ವೆಂಟಿನ ಮಾತು ತೆಗೆದವನು ಅಪ್ಪ. ಪೇಟೆಯಲ್ಲಿ ಹಗ್ಗ, ಕಂದೀಲು ಮಾರುವ ಅಂಗಡಿ ಅವನದು. ದಾಂಡೇಲಿಯ ಕಾಗದದ ಕಾರ್ಖಾನೆಯ ಸಾಹೇಬರ ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡುವುದನ್ನು ಅವನು ಒಮ್ಮೆ ಕೇಳಿ ಬಂದಿದ್ದ. ಜಗಳವನ್ನೇ ಅಷ್ಟು ಚಂದ ಆಡುವುದಾದರೆ ಮಾತು ಇನ್ನೆಷ್ಟು ಚಂದ ಆಡಿಯಾರು ಎಂದು ಅವನ ಆಶ್ಚರ್ಯ. ಊಟಕ್ಕೆ ಕುಳಿತಾಗ ಅವನು ವಿಷಯ ಹೇಳಿ, ಅಪರೂಪಕ್ಕೆ ಅವ್ವನ ಕಡೆ ತಿರುಗಿದ.

"ನೀ ಏನಂತೀ?"

ಅವ್ವ ಸಾರು ಬಡಿಸುತ್ತಿದ್ದಳು. ಸೌಟು ನನ್ನ ತಟ್ಟೆಯ ಮೇಲೆ ನಿಂತಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಬೇಡವೆಂದರೆ ಅಪ್ಪ ಬಿಟ್ಟುಬಿಡುತ್ತಿದ್ದ. ಅವನು ಅಂಥ ಹಟದ ಮನುಷ್ಯನಲ್ಲ. ಸೌಟು ಇಳಿಯಿತು.

"ಕಲೀಲಿ" ಎಂದಳು.

ಆ ಸೋಮವಾರ ಬೆಳಿಗ್ಗೆ ನಾನು ಅವಲಕ್ಕಿ ಬಿಟ್ಟು ಹೊಟ್ಟಿನ ಕೋಣೆಯ ಹತ್ತಿರ ಸುಳಿದೆ. ಮೊದಲ ಬಸ್ಸಿನ ಹೊತ್ತಾಗಿತ್ತು. ಅವ್ವನ ಪೂಜೆ ಇನ್ನೂ ಆಗಿರಲಿಲ್ಲ, ಪೂಜೆಯಾಗದೆ ಭರಣಿಯ ಬಾಯಿ ಬಿಚ್ಚುವಂತಿರಲಿಲ್ಲ. ಮೇಲಾಗಿ ಆಯಿ ಅಂದು ಆ ಕೋಣೆಯ ಬಾಗಿಲಿಗೇ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತಿದ್ದಳು. ಮಧ್ಯಾಹ್ನ ಸಾಂಬ್ರಾಣಿಯಿಂದ ಒಬ್ಬಾಕೆ ತನ್ನ ಬಾಣಂತಿ ಮಗಳಿಗೆಂದು ಬರುವವಳಿದ್ದಳು.

"ಅವ್ವಾ, ನಾ ಬಂದ ಮ್ಯಾಲs ತಗಿ" ಎಂದು ನಾನು ಪಿಸುಗುಟ್ಟಿದೆ.

"ಸೋಮವಾರದ್ದು ಸಂಜಿಗಿ ತಗದ್ರ ಆಯಿ ಯಾಕ ಅಂತಾಳ."

"ಮತ್ತ ಹೆಂಗ?"

ಅವ್ವ ನನ್ನ ಜಡೆಯ ರಿಬ್ಬನ್ನನ್ನು ಮತ್ತೊಮ್ಮೆ ಬಿಗಿದಳು. ಅದು ಬಿಗಿಯಾಗಿಯೇ ಇತ್ತು.

"ಜೂನದಾಗ ಹೆಂಗೋ ಹಂಗ" ಎಂದಳು. "ನೀ ಹೋಗಿ ಬಾ. ನಾ ನೋಡ್ಕೋತೇನಿ."

ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ನನಗೆ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿಸಿದ. ದಾಂಡೇಲಿ ಹತ್ತಿರ ಬಂದಂತೆ ಕಾರ್ಖಾನೆಯ ವಾಸನೆ ಕಿಟಕಿಯಿಂದ ಒಳಗೆ ಬಂತು, ಕೋಸುಗಡ್ಡೆ ಬೇಯಿಸಿದ ನೀರನ್ನು ಮರೆತು ಇಟ್ಟಂಥದ್ದು. ಅವ್ವನಿಗೆ ಹೇಳಲು ಅದನ್ನು ಮನಸ್ಸಿನಲ್ಲಿ ಕಟ್ಟಿಕೊಂಡೆ. ನಾನು ಮೂಗು ಮುಚ್ಚಿಕೊಂಡಾಗ ಪಕ್ಕದಲ್ಲಿ ಕುಳಿತ ಬೈಲಹೊಂಗಲದ ಕಡೆಯ ಕೆಲಸಗಾರ ನಕ್ಕ. "ತಂಗಿ, ಮೂಗು ಬಿಡು. ನಮ್ಮ ಮನ್ಯಾಗ ಇದು ಅನ್ನದ ವಾಸನಿ" ಎಂದ. ಕಾನ್ವೆಂಟಿನ ಕೋಣೆಯಲ್ಲಿ ಮೇಣದ, ನೆಲಕ್ಕೆ ಹಚ್ಚಿದ ಪಾಲಿಶಿನ, ಎಲ್ಲೋ ಒಳಗೆ ಬೇಯುತ್ತಿದ್ದ ಬ್ರೆಡ್ಡಿನ ವಾಸನೆ. ಎದುರಿಗೆ ಕುಳಿತ ದೊಡ್ಡ ಸಿಸ್ಟರು ನಿಧಾನದ, ಪುಸ್ತಕದ ಕನ್ನಡದಲ್ಲಿ ಮಾತಾಡಿದರು. ಲೆಕ್ಕ ಕೇಳಿದರು, ತಪ್ಪಿದೆ. ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಬಸ್ಸಿನಲ್ಲಿ ಕಲಿತದ್ದು ಮರೆತಿತ್ತು. ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತು ಕೈವಸ್ತ್ರದಿಂದ ಕತ್ತು ಒರೆಸಿಕೊಂಡ.

"ಹೋಗಲಿ ಮಗು, ನಿಮ್ಮ ಮನೆ ಹೇಗಿದೆ ಎಂದಾದರೂ ಹೇಳು" ಎಂದರು ಸಿಸ್ಟರು.

ಅದು ನನಗೆ ಗೊತ್ತಿದ್ದ ಪ್ರಶ್ನೆ. ಪ್ರತಿ ಸಂಜೆ ರೊಟ್ಟಿಯ ಬಡಿತದ ನಡುವೆ ಕೇಳಿಸಿಕೊಂಡದ್ದು. ನಾನು ಹೇಳಿದೆ: ಬಾಗಿಲು ತೆಗೆದ ಕೂಡಲೇ ಹಗ್ಗದ ಸುರುಳಿಗಳ ನಾರಿನ ವಾಸನೆ, ಎರಡು ಹೆಜ್ಜೆ ಒಳಗೆ ಬಂದರೆ ಆಯಿಯ ನಶ್ಯ, ದೇವರ ಕೋಣೆಯಲ್ಲಿ ಒಣಗಿದ ಪತ್ರಿ, ಅಡಿಗೆಮನೆಯಲ್ಲಿ ಕರಿ ಹಿಡಿದ ಗೋಡೆ, ಅದರ ಪಕ್ಕದ ಕತ್ತಲೆಯಲ್ಲಿ ಹೊಟ್ಟು. ಹೊಟ್ಟಿಗೆ ಬೇಸಿಗೆಯಲ್ಲಿ ಒಂದು ವಾಸನೆ, ಮಳೆಗಾಲದಲ್ಲಿ ಇನ್ನೊಂದು. ಸಿಸ್ಟರು ಪೆನ್ನು ಕೆಳಗಿಟ್ಟರು. ನಾನು ಮುಗಿಸಿದ ಮೇಲೆ ಅಪ್ಪನಿಗೆ ಹೇಳಿದರು.

"ಲೆಕ್ಕ ನಾವು ಕಲಿಸುತ್ತೇವೆ. ಇದನ್ನು ಇವಳಿಗೆ ಯಾರು ಕಲಿಸಿದರು?"

ಅಪ್ಪನಿಗೆ ಏನು ಗೊತ್ತು? "ಹಂಗ, ತಾನs ಬಂದೈತ್ರಿ" ಎಂದ. ನಾನು ಬಾಯಿ ಬಿಡಲಿಲ್ಲ. ಹೇಳಬಾರದೆಂದು ಮಾತು ಕೊಟ್ಟಿದ್ದೆ. ಅವ್ವ ತನಗಾಗಿ ನನ್ನಲ್ಲಿ ಬೆಳೆಸಿಕೊಂಡದ್ದೇ ನನ್ನನ್ನು ಅವಳಿಂದ ಎತ್ತಿಕೊಂಡು ಹೋಯಿತು ಎಂಬುದು ಅಂದು ನನಗೆ ತಿಳಿಯಲಿಲ್ಲ. ಅಂದು ಬರೀ ಖುಷಿಯಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಲಿಂಬೆಹುಳಿ ಪೆಪ್ಪರಮಿಂಟು ಕೊಡಿಸಿದ.

ಮನೆಯಲ್ಲಿ ಆದದ್ದನ್ನು ಆಮೇಲೆ ಆಯಿ ಎಷ್ಟೋ ಸಲ, ಬಂದವರ ಮುಂದೆಲ್ಲ ಹೇಳಿದ್ದಾಳೆ. ಅವ್ವ ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿ, ಹೊಟ್ಟಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಯಿ ಕೂಗಿದಳು.

"ಏನs, ಕಾಡೆ ನೋಡಾಕತ್ತೀಯೋ ಮತ್ತೊಂದ ಸಲ ಕುದಸಾಕತ್ತೀಯೋ?"

ಆಮೇಲೆ ಅವ್ವ ಭರಣಿಯನ್ನು ಮಗುವನ್ನು ಎತ್ತಿಕೊಂಡಂತೆ ಸೊಂಟಕ್ಕೆ ಎತ್ತಿಕೊಂಡು ಹೊರಗೆ ಬಂದಳು. ಬಾಯಿಗೆ ಅರಿವೆ ಮತ್ತೆ ಮುಚ್ಚಿತ್ತು. ಆಯಿಯನ್ನು ದಾಟಿ, ಅಡಿಗೆಮನೆ ದಾಟಿ, ಹಿತ್ತಲಿಗೆ ಹೋಗಿ ನುಗ್ಗೆ ಮರದ ಬುಡಕ್ಕೆ ಅಷ್ಟನ್ನೂ ಸುರಿದಳು. ಆಯಿ ಕೋಲೂರಿಕೊಂಡು ಬರುವಷ್ಟರಲ್ಲಿ ಭರಣಿ ಬರಿದಾಗಿತ್ತು.

"ಯಾಕವ್ವಾ, ಏನಾತು?"

"ಹದಾ ತಪ್ಪೇತ್ರಿ ಅತ್ತಿ."

"ನಿನ್ನ ಕೈಯಾಗ? ಇಷ್ಟ ವರ್ಷದಾಗ ಒಂದs ಭರಣಿ ಸುರವಿದ್ದಿ ನೀ!"

"ಇನ್ನ ನನ್ನ ಕೈಲೆ ಆಗೂದಿಲ್ರಿ. ಇಂದೂರಿಗಿ ಹೇಳಿ ಕಳಸ್ರಿ."

ಆಯಿಯ ಮೂಗಿನಲ್ಲಿ ನಶ್ಯ ತುಂಬಿತ್ತು. ಅವಳು ನೆಲವನ್ನು ನೋಡಿದಳು, ನೆಲ ಕಪ್ಪಗೆ ಒದ್ದೆಯಾಗಿತ್ತು, ಅಷ್ಟೇ. ಸಾಂಬ್ರಾಣಿಯಾಕೆ ಬಂದು, ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಬರಿಗೈಯಲ್ಲಿ ಎದ್ದು ಹೋದಳು. ಸೊಸೆಗೆ ಸೊಕ್ಕು ಬಂತೋ, ಯಾರ ಕಣ್ಣು ತಾಕಿತೋ ಎಂದು ಆಯಿ ಸಾಯುವತನಕ ಲೆಕ್ಕ ಹಾಕುತ್ತಲೇ ಇದ್ದಳು.

ಅವ್ವ ಮತ್ತೆಂದೂ ಕಾಡೆ ಕಾಸಲಿಲ್ಲ. ಕೈಕೆಲಸ ಇಂದೂರಿಗೆ ಹೋಯಿತು. ಅತ್ತೆ ನಾಲ್ಕು ವರ್ಷ ಮಾಡಿದಳೋ ಏನೋ, ಆಮೇಲೆ ಅಲ್ಲಿಯೂ ನಿಂತಿತು. ಆ ಭರಣಿ ಈಗ ನನ್ನ ಅಡಿಗೆಮನೆಯಲ್ಲಿದೆ, ಅದರಲ್ಲಿ ಹರಳುಪ್ಪು ಹಾಕಿಟ್ಟಿದ್ದೇನೆ. ಮೊಮ್ಮಗಳು ಹುಟ್ಟಿದಾಗ ಸೊಸೆಗೆಂದು ಅಂಗಡಿಯಿಂದ ಟಾನಿಕ್ಕು ತಂದರು. ಚಂದದ ಬಾಟಲಿ, ಕುತ್ತಿಗೆಯಲ್ಲಿ ಇಂಥ ತಿಂಗಳವರೆಗೆ ಒಳ್ಳೆಯದು ಎಂದು ಅಚ್ಚೊತ್ತಿದೆ. ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. "ಅತ್ತಿ, ತಾರೀಖು ಬರದಾರಲ್ಲ, ಇನ್ನೇನು ನೋಡ್ತೀರಿ?" ಎಂದಳು ಸೊಸೆ. ನಿಜವೇ. ಅವ್ವನ ಕಾಲಕ್ಕೆ ತಾರೀಖು ಬರೆಯುವ ಪದ್ಧತಿ ಇದ್ದಿದ್ದರೆ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಹೊಟ್ಟಿನೊಳಗೆ ಒಂದೇ ದಿನ ಹೂತ ಎರಡು ಭರಣಿಗಳಲ್ಲಿ ಒಂದು ಹದವಾಗಿ ಇನ್ನೊಂದು ಹುಳಿಯಾದದ್ದನ್ನು ನಾನೇ ಮೂಸಿದ್ದೇನೆ. ಕೆಲವು ವರ್ಷಗಳ ಹಿಂದೆ ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಳಿತ ಆ ಕಾಲದಲ್ಲಿ ನನಗೂ ಜ್ವರ ಬಂದು ಮೂಗು ಹೋಯಿತು. ಡಾಕ್ಟರು ಫೋನಿನಲ್ಲಿ, ಎಲ್ಲರಿಗೂ ಹೀಗೇ, ತಿಂಗಳಲ್ಲಿ ಬರುತ್ತದೆ ಎಂದರು. ಬಂದೂ ಬಂತು. ಬರುವತನಕ ನಾನು ಕಾಫಿಪುಡಿಯ ಡಬ್ಬಿ ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ, ಯಾರಾದರೂ ಬಂದರೆ ಮುಚ್ಚಿಡುತ್ತಿದ್ದೆ. ಮಲ್ಲಿಗೆ ದಂಡೆ ಹಿಡಿದು ನಿಂತ ಅವ್ವನ ಬೆನ್ನು ಆಗ ಕಂಡಿತು. ನನಗೆ ಡಾಕ್ಟರು ಇದ್ದರು, ಎಲ್ಲರಿಗೂ ಹೀಗೇ ಎಂಬ ಮಾತು ಇತ್ತು. ಅವಳಿಗೆ ಅದನ್ನು ಹೇಳಿದವರಿಲ್ಲ.

ದಾಂಡೇಲಿಯಿಂದ ಮರಳಿದ ಆ ಸಂಜೆ ಬಸ್ಸು ಇಳಿದು ನಾನು ಮನೆಗೆ ಓಡಿದೆ. ಆಯಿ ಪಡಸಾಲೆಯಲ್ಲಿ ಮುಖ ಗಂಟಿಕ್ಕಿಕೊಂಡಿದ್ದಳು. ಅಪ್ಪ ಅವಳೆದುರು ಕುಳಿತು ಸಿಸ್ಟರು ಹೇಳಿದ್ದನ್ನು ವರ್ಣಿಸತೊಡಗಿದ. ನಾನು ನೇರ ಹಿತ್ತಲಿಗೆ ಹೋದೆ. ಅಡಿಗೆಮನೆ ದಾಟುವಾಗಲೇ ಅದು ನನ್ನ ಮೂಗಿಗೆ ಬಂದಿತ್ತು. ಅವ್ವ ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ತೊಳೆದ ಭರಣಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲಾಗಿತ್ತು. ನುಗ್ಗೆಯ ಬುಡದಲ್ಲಿ ಮಣ್ಣು ಕಪ್ಪಗೆ ಹೊಳೆಯುತ್ತಿತ್ತು, ಸಣ್ಣ ಜೇನುಹುಳುಗಳು ಅಲ್ಲಿ ಎದ್ದು ಕೂರುತ್ತಿದ್ದವು.

"ತಗೊಂಡ್ರೇನು?" ಎಂದು ಕೇಳಿದಳು.

"ಹ್ಞೂಂ."

"ಛಲೋ ಆತು." ಪಕ್ಕದಲ್ಲಿ ಜಾಗ ಮಾಡಿದಳು. ನುಗ್ಗೆಯ ಬುಡಕ್ಕೆ ಗದ್ದ ಚಾಚಿ, ನನ್ನ ಕಡೆ ನೋಡದೆ ಕೇಳಿದಳು: "ಹೆಂಗ್ ಬರಾಕತ್ತೈತಿ, ಹೇಳು."

ಗಾಣದ ಮುಂದೆ ನಿಂತಂತೆ. ಯಾರೋ ಹಸಿ ಮಣ್ಣು ಅಗೆದಂತೆ. ಅದರ ಹಿಂದೆ ಬಿಸಿಲಿಗೆ ಹಾಕಿದ ಕೌದಿ, ಅದರ ಹಿಂದೆ ಒಣಶುಂಠಿಯ ಸಣ್ಣ ಚುಚ್ಚು. ಸಂದಿಯಲ್ಲಿ ನಿಂತಂಥದ್ದು ಏನೂ ಇರಲಿಲ್ಲ. ಅಷ್ಟು ಒಳ್ಳೆಯ ಕಾಡೆಯನ್ನು ನಾನು ಆ ಕೋಣೆಯಲ್ಲಿ ಒಮ್ಮೆಯೂ ಮೂಸಿರಲಿಲ್ಲ.

"ಹುಳಿ" ಎಂದೆ.

ಅವ್ವ ಚಟ್ಟನೆ ನನ್ನ ಕಡೆ ತಿರುಗಿದಳು. "ಖರೇನs?"

"ಹ್ಞೂಂ. ತೊಳೀದs ಇಟ್ಟ ಮಜ್ಜಿಗಿ ಗಡಿಗಿ ಹಂಗ."

ಅವಳ ಮುಖದಲ್ಲಿ ಆಗ ಮೂಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸಮಾಧಾನವಾಗಬಹುದು ಎಂದುಕೊಂಡಿದ್ದೆ, ಇದು ಬೇರೆ. ಜ್ವರ ಬಂದಂದಿನಿಂದ ನೋಡಿರದ ಬೆಳಕು ಅದು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೋಡ! ನನಗೂ ಹಂಗ ಅನಿಸ್ತು! ಬಗ್ಗಿದ ಕೂಡ್ಲೆ ಒಂದೀಟು ಹುಳಿ ಬಡದಂಗ ಆತು. ಮತ್ತ ಬಗ್ಗಿದೆ, ಬರಲಿಲ್ಲ. ಮತ್ತ ಬಗ್ಗಿದೆ, ಐತಿ ಅನಿಸ್ತು. ನಂದs ಭ್ರಮಿ ಅನಕೊಂಡು ಮುಂಜಾನಿಂದ ಜೀವಾ ಹೋಗಿತ್ತು. ಖರೇನs ಬಂದಿತ್ತು ಅನ್ನು. ಬರಾಕತ್ತೈತಿ ನನ್ನ ಮೂಗು!" ನನ್ನ ತಲೆಯನ್ನು ಎದೆಗೆ ಎಳೆದುಕೊಂಡು, ಬೈತಲೆಯಲ್ಲಿ ಮುಖವಿಟ್ಟು, ದೀರ್ಘವಾಗಿ ಉಸಿರೆಳೆದಳು. "ಹೊಗಿ. ಬಸ್ಸಿನ ಹೊಗಿ. ಹೌದಲ್ಲೋ?"

"ಹೌದವ್ವಾ" ಎಂದೆ. "ನಾಳೆ ಆಯಿಗಿ, ಇಂದೂರಿಗಿ ಹೇಳಿ ಕಳಸೂದು ಬ್ಯಾಡ ಅಂತೇನಿ" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮುಂದಿನ ಸೋಮವಾರ ಮತ್ತೊಮ್ಮಿ ಕಾಸ್ತೇನಿ, ಯಾಕ ಆಗೂದಿಲ್ಲ..."

ಆಗ ಹಿತ್ತಲಿನ ಗಿಡ್ಡ ಗೋಡೆಯಾಚೆ ಸುಮನಕಾಕುವಿನ ತಲೆ ಕಾಣಿಸಿತು. ಪಕ್ಕದ ಮನೆಯ ಮರಾಠಿ ಹೆಂಗಸು, ಒಳ್ಳೆಯ ಜೀವ. ಒಣಗಿದ ಸಂಡಿಗೆಯ ಅರಿವೆ ಮಡಚುತ್ತ, ಅರ್ಧ ಲಕ್ಷ್ಯ ತನ್ನ ಒಲೆಯ ಮೇಲಿಟ್ಟು ಮಾತಾಡಿದಳು.

"ಅಗ ಬಾಯಿ, ನೀಲಾ! ಮುಂಜಾನಿಂದ ಏನ್ ಘಮಾ ಹಿಡಿಸೀದಿ ಓಣಿಗೆಲ್ಲಾ! ನಮ್ಮ ಮನ್ಯಾವ್ರು ಊಟಕ್ಕ ಕುಂತಾಗ ಸುದ್ದಾ ಅದನ್ನs ಅಂದ್ರು. ಈ ಸರ್ತಿದು ಎಲ್ಲಾದ್ರಕಿಂತ ಛಲೋ ಬಂದೈತಿ ಬಿಡು. ಅಷ್ಟೂ ಹಂಚಿ ಮುಗಸಬ್ಯಾಡ ಮತ್ತ, ನಮ್ಮ ಮಗಳು ಮಂದಾಗ ಒಂದು ಬಾಟ್ಲಿ ಇರ್ಲಿ."